ಫ್ಯಾನಿನೊಳಗಿನ ಅಕ್ಷತೆ

ಜುಲೈ 8, ಮಂಗಳವಾರ, ಬೆಳಗ್ಗೆ 10.20. ಬಸವನಗುಡಿಯ ಠಾಣೆಗೆ ಆ ದಿನದ ಮೊದಲ ದೂರು ಅಜ್ಜಿ ಮೊಮ್ಮಗಳ ಜಗಳದ ರೂಪದಲ್ಲಿ ಬಂತು.

“ನಾನ್ ಹೇಳ್ತೀನಿ, ನೀನಿರು ಅಜ್ಜಿ.”

“ನೀನು ಅರ್ಧ ಇಂಗ್ಲಿಷಲ್ಲಿ ಹೇಳ್ತೀಯ. ನೋಡಮ್ಮ ತಾಯಿ, ನಮ್ಮನೆ ಮಗೂನ ಯಾರೋ ಬದಲಾಯಿಸಿಬಿಟ್ಟಿದಾರೆ.”

ಹೆಡ್ ಕಾನ್‌ಸ್ಟೇಬಲ್ ದೊಡ್ಡಬೈರಪ್ಪ ಕುಡಿಯುತ್ತಿದ್ದ ಟೀ ಕೆಳಗಿಟ್ಟು ಎದ್ದೇ ನಿಂತರು. “ಮಗೂನಾ? ಯಾವ ಆಸ್ಪತ್ರೇಲಿ?”

“ಲ್ಯಾಪ್‌ಟಾಪ್ ಸರ್,” ಎಂದಳು ಮೊಮ್ಮಗಳು, ಹಣೆ ಒತ್ತಿಕೊಳ್ಳುತ್ತ.

ಸಬ್‌ ಇನ್‌ಸ್ಪೆಕ್ಟರ್ ಪ್ರೇಮಲತಾ ನಗಲಿಲ್ಲ. ದೂರು ಪೂರ್ತಿ ಕೇಳುವವರೆಗೆ ಪೆನ್ನು ಮುಟ್ಟುವುದಿಲ್ಲ ಎಂಬುದು ಹನ್ನೊಂದು ವರ್ಷದ ಸೇವೆಯಲ್ಲಿ ಅವರು ಮುರಿಯದ ಪದ್ಧತಿ. ಇಬ್ಬರಿಗೂ ಕುರ್ಚಿ ತೋರಿಸಿದರು.

ಮೊಮ್ಮಗಳ ಹೆಸರು ಆರಾಧನಾ, ಇಪ್ಪತ್ತೇಳು ವರ್ಷ. ಇನ್ನೂ ಕಟ್ಟದ ಕಟ್ಟಡದೊಳಗೆ ನಡೆದಾಡಿ ಬಂದಂತೆ ಕಾಣುವ ವಿಡಿಯೊಗಳನ್ನು ಕಂಪ್ಯೂಟರಿನಲ್ಲಿ ಮಾಡಿಕೊಡುವುದು ಅವಳ ಕಸುಬು. ಮೂರು ತಿಂಗಳ ಹಿಂದೆ ಕಂಪನಿಯ ಕೆಲಸ ಬಿಟ್ಟು ಸ್ವಂತಕ್ಕೆ ನಿಂತಿದ್ದಳು. ಮೊದಲ ದೊಡ್ಡ ಕೆಲಸ ಕೈಗೆ ಬಂದಿತ್ತು. ಇದೇ ಶುಕ್ರವಾರ ಸಂಜೆ ಐದರೊಳಗೆ ಒಪ್ಪಿಸದಿದ್ದರೆ ಆ ಕೆಲಸ ಇನ್ನೊಬ್ಬರ ಪಾಲು. ಆರು ವರ್ಷದ ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಡುತ್ತಿದ್ದುದರಿಂದ ಹಿಂದಿನ ಶುಕ್ರವಾರ ಒಂದು ಲಕ್ಷ ಎಂಬತ್ತೈದು ಸಾವಿರ ಕೊಟ್ಟು ಹೊಸ ಗೇಮಿಂಗ್ ಲ್ಯಾಪ್‌ಟಾಪ್ ತಂದಿದ್ದಳು.

“ಕೆಲಸಕ್ಕೆ ಗೇಮ್ ಆಡೋದು ಯಾಕಮ್ಮ?” ಎಂದರು ದೊಡ್ಡಬೈರಪ್ಪ. ಅವರ ಎರಡನೆಯ ಮಗಳೂ ಇಂಥದ್ದೇ ಒಂದು ಬೇಕೆಂದು ಹಟ ಹಿಡಿದು ಕೂತಿದ್ದಳು.

“ಎರಡಕ್ಕೂ ಒಂದೇ ತಾಕತ್ತು ಬೇಕು ಸರ್. ಹಗಲು ಊಟ ಹಾಕುತ್ತೆ, ರಾತ್ರಿ ಆಟ ಆಡಿಸುತ್ತೆ.”

ಶನಿವಾರ ಬೆಳಗ್ಗೆ ಹಳೆಯದನ್ನೂ ಹೊಸದನ್ನೂ ಚಾಮರಾಜಪೇಟೆಯಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಮುನೇಶ್ ಎಂಬವನಿಗೆ ಕೊಟ್ಟಿದ್ದಳು. ಹಳೆಯದರಲ್ಲಿದ್ದ ಕಡತಗಳನ್ನು ಹೊಸದಕ್ಕೆ ತುಂಬುವುದಷ್ಟೇ ಕೆಲಸ. ಸಂಜೆ ವಾಪಸು ತಂದಳು. ಅದೇ ಬಣ್ಣ, ಅದೇ ಮಾಡೆಲ್, ಅವಳದೇ ಪಾಸ್‌ವರ್ಡ್. ಆದರೆ ಶುಕ್ರವಾರ ಪೆನ್‌ಡ್ರೈವಿನಿಂದ ಹಾಕಿ ನೋಡಿದಾಗ ನಲವತ್ತು ನಿಮಿಷದಲ್ಲಿ ತಯಾರಾಗಿದ್ದ ದೃಶ್ಯ ಸೋಮವಾರ ಆರು ಗಂಟೆ ತೆಗೆದುಕೊಂಡು, ಕಡೆಗೆ ಅರ್ಧದಲ್ಲೇ ನಿಂತುಹೋಯಿತು. ಒಳಗಿದ್ದ ಗ್ರಾಫಿಕ್ಸ್ ಕಾರ್ಡ್ ಬೇರೆ, ರ‍್ಯಾಮ್ ಅರ್ಧ. ಅದೇ ಮಾಡೆಲ್ಲಿನ ಅಗ್ಗದ ತಮ್ಮ ಅದು.

“ಶೋರೂಮಿನವರು ಏನಂದ್ರು?” ಪ್ರೇಮಲತಾ ಕೇಳಿದರು.

“ತಳದ ಸ್ಟಿಕರ್ ನಂಬರು ಬಿಲ್ಲಿಗೆ ಸರಿಯಾಗಿದೆ, ನಾವು ಕೊಟ್ಟಿದ್ದು ಇದೇ ಅಂದ್ರು. ಮುನೇಶ್ ಅವರನ್ನ ಕೇಳಿದ್ರೆ, ನೀವು ತಂದಿದ್ದೂ ಇದೇ ಅಂತಾರೆ.”

“ಹಾಗಿದ್ರೆ ಮೋಸ ಶೋರೂಮಿನದೂ ಇರಬಹುದಲ್ಲ? ಮೊದಲೇ ಅಗ್ಗದ್ದು ಕೊಟ್ಟಿರಬಹುದು.”

ಅಷ್ಟು ಹೊತ್ತು ತಡೆದುಕೊಂಡಿದ್ದ ಅಜ್ಜಿ ಕಾವೇರಮ್ಮ ಕುರ್ಚಿಯಿಂದ ಮುಂದಕ್ಕೆ ಬಾಗಿದರು. “ಅದು ಕಟಕಟ ಅಂತಿತ್ತು ಕಣಮ್ಮ. ಇದು ಅನ್ನಲ್ಲ.”

“ಏನು ಕಟಕಟ?”

ಆರಾಧನಾ ತಲೆ ತಗ್ಗಿಸಿದಳು. “ಶುಕ್ರವಾರ ಅಜ್ಜಿ ಅದಕ್ಕೆ ಪೂಜೆ ಮಾಡಿದ್ರು ಮೇಡಂ. ಅರಿಶಿನ, ಕುಂಕುಮ, ಆರತಿ ಎಲ್ಲಾ ಆಯ್ತು. ಬಿಸಿಗಾಳಿ ಹೋಗಲಿ ಅಂತ ಈ ಲ್ಯಾಪ್‌ಟಾಪಿಗೆ ಕೀಲಿಮಣೆಯ ಮೇಲ್ಗಡೆ ಸಾಲಾಗಿ ತೂತುಗಳಿರ್ತವೆ. ಅಕ್ಷತೆ ಅಲ್ಲಿಗೇ ಬಿತ್ತು. ಫ್ಯಾನಿಗೆ ಸಿಕ್ಕಿ ಸದ್ದು ಬರೋಕೆ ಶುರುವಾಯ್ತು. ನಾನು ಚೆನ್ನಾಗಿ ಬೈದೆ.”

“ಬೈದಳು. ಅನ್ನ ಕೊಡೋ ಯಂತ್ರಕ್ಕೆ ನಾಲ್ಕು ಕಾಳು ಹಾಕಿದ್ದಕ್ಕೆ ಬೈದಳು.”

“ಫ್ರೆಂಡಿಗೆ ವಿಡಿಯೊ ಕೂಡ ಕಳಿಸಿದ್ದೆ, ನಮ್ಮಜ್ಜಿ ಆಶೀರ್ವಾದ ಕೇಳಿಸ್ಕೊ ಅಂತ.”

ಒಂಬತ್ತು ಸೆಕೆಂಡಿನ ವಿಡಿಯೊ. ಶುಕ್ರವಾರ ಸಂಜೆ 7.14ರದ್ದು. ಕುಂಕುಮ ಹಚ್ಚಿದ ಮುಚ್ಚಳ, ಸ್ಪಷ್ಟವಾದ ಕಟಕಟ ಸದ್ದು. ಪ್ರೇಮಲತಾ ಎರಡು ಸಲ ಕೇಳಿದರು. ಆಮೇಲೆ ಪೆನ್ನು ಕೈಗೆತ್ತಿಕೊಂಡರು.

“ಅಜ್ಜಿ, ಅಕ್ಷತೆ ಯಾವ ಅಕ್ಕಿದು?”

“ರಾಜಮುಡಿ. ನಮ್ಮ ತಾಯಿ ಮನೆ ಹೊಳೇನರಸೀಪುರ. ನಾನು ಅಂಗಡಿ ಬಿಳಿ ಅಕ್ಕೀಲಿ ಅಕ್ಷತೆ ಮಾಡಲ್ಲ. ಕೆಂಪು ಗೀರಿನ ಕಾಳು, ಒಂದೂ ಮುರಿದಿರಬಾರದು, ನಾನೇ ಕೂತು ಆರಿಸ್ತೀನಿ.”

11.40ಕ್ಕೆ ಎಫ್‌ಐಆರ್ ದಾಖಲಾಯಿತು. ನಂಬಿಕೆ ದ್ರೋಹ ಮತ್ತು ವಂಚನೆ, ಅಪರಾಧ ಸಂಖ್ಯೆ 112. ಹೊರಡುವಾಗ ಆರಾಧನಾ ಬಾಗಿಲಲ್ಲಿ ನಿಂತಳು.

“ಶುಕ್ರವಾರದೊಳಗೆ ಸಿಗುತ್ತಾ ಮೇಡಂ?”

“ಸಿಗುತ್ತೆ,” ಎಂದರು ಪ್ರೇಮಲತಾ. ಹಾಗೆ ಮಾತು ಕೊಡುವುದು ಅವರ ಅಭ್ಯಾಸವಲ್ಲ. ಕೊಟ್ಟಮೇಲೆ ಅದರ ಬಗ್ಗೆ ಎರಡನೆಯ ಯೋಚನೆ ಮಾಡುವುದೂ ಅಲ್ಲ.

ಮಧ್ಯಾಹ್ನ 3.15ಕ್ಕೆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ, ಇಬ್ಬರು ಪಂಚರ ಎದುರು, ಎಂಜಿನಿಯರ್ ಲ್ಯಾಪ್‌ಟಾಪಿನ ತಳ ಬಿಚ್ಚಿದ. ಪ್ರತಿಯೊಂದು ತಿರುಪನ್ನೂ ದೊಡ್ಡಬೈರಪ್ಪ ಮೊಬೈಲಿನಲ್ಲಿ ಚಿತ್ರೀಕರಿಸಿದರು. ತಳದ ಸ್ಟಿಕರಿನ ನಂಬರೇ ಬೇರೆ, ಒಳಗಿನ ಬೋರ್ಡಿನಲ್ಲಿ ದಾಖಲಾಗಿದ್ದ ನಂಬರೇ ಬೇರೆ. ಎರಡು ತಿರುಪಿನ ತಲೆ ಸವೆದಿತ್ತು. ಫ್ಯಾನು ಕನ್ನಡಿಯಂತೆ ಚೊಕ್ಕಟ.

“ಒಂದು ಕಾಳೂ ಇಲ್ಲ ಮೇಡಂ,” ಎಂದರು ದೊಡ್ಡಬೈರಪ್ಪ.

“ಒಳಗಿನ ನಂಬರು ಯಾರಿಗೆ ಮಾರಿದ್ದು?” ಪ್ರೇಮಲತಾ ಎಂಜಿನಿಯರನ್ನು ಕೇಳಿದರು.

“ನೋಟಿಸ್ ಮೇಲ್ ಮಾಡಿ ಮೇಡಂ. ಹೆಡ್ ಆಫೀಸಿಂದ ಏಳೆಂಟು ದಿನದಲ್ಲಿ ಉತ್ತರ ಬರುತ್ತೆ.”

ಏಳೆಂಟು ದಿನ ಕಾಯುವಂತಿರಲಿಲ್ಲ. ನೋಟಿಸು ಅಲ್ಲಿಂದಲೇ ಹೋಯಿತು. ಜೀಪಿನಲ್ಲಿ ಕೂತಮೇಲೆ ದೊಡ್ಡಬೈರಪ್ಪ ಕೇಳಿದರು. “ಶೋರೂಮಾ, ರಿಪೇರಿಯವನಾ? ನಂಗೇನೋ ಇಬ್ಬರ ಮೇಲೂ ಡೌಟು.”

“ಶೋರೂಮಿನವರು ಮೊದಲೇ ಅಗ್ಗದ್ದು ಕೊಟ್ಟಿದ್ರೆ ಅಜ್ಜಿಯ ಅಕ್ಷತೆ ಎಲ್ಲಿ ಬೀಳಬೇಕಿತ್ತು?”

“ಈ ಅಗ್ಗದ್ದರೊಳಗೇ.”

“ಇದರಲ್ಲಿ ಇದೆಯಾ?”

ದೊಡ್ಡಬೈರಪ್ಪ ತಲೆಯಾಡಿಸಿ, “ಅಜ್ಜಿ ಭಾರಿ ಕಿಲಾಡಿ,” ಎಂದರು.

“ಆದ್ರೆ ಮುನೇಶ್ ಒಂದು ಮಾತು ಹೇಳಿದ್ರೆ ನಮ್ಮ ದಾರಿ ಕಟ್ಟಾಗುತ್ತೆ ಬೈರಪ್ಪನವರೇ. ‘ಸದ್ದು ಬರ್ತಿತ್ತು, ತಳ ಬಿಚ್ಚಿ ಕ್ಲೀನ್ ಮಾಡಿದೆ’ ಅನ್ನಬಹುದು. ಅದಕ್ಕೇ ನಾಳೆ ಅವನೆದುರು ಅಕ್ಷತೆ ಅನ್ನೋ ಪದ ನಿಮ್ಮ ಬಾಯಲ್ಲಿ ಬರಬಾರದು.”

ಜುಲೈ 9, ಬುಧವಾರ, ಬೆಳಗ್ಗೆ 11.05. ಮುನೇಶನ ಅಂಗಡಿ ಹತ್ತಡಿ ಅಗಲದ್ದು. ಗೋಡೆಗೆ ಬಿಚ್ಚಿದ ಕೀಲಿಮಣೆಗಳು, ಮೇಜಿನ ಮೇಲೆ ಸಾಲಾಗಿ ಜೋಡಿಸಿದ ಸಣ್ಣ ಸ್ಕ್ರೂಡ್ರೈವರುಗಳು. ನಲವತ್ತನಾಲ್ಕರ ಮನುಷ್ಯ, ಮಾತು ಮೆಲು, ಕೈ ಅಚ್ಚುಕಟ್ಟು. ಬೀದಿಯವರಿಗೆಲ್ಲ ಅವನ ಮೇಲೆ ಗೌರವವಿತ್ತು. ಪಂಚರಾಗಿ ಬಂದಿದ್ದ ಪಕ್ಕದ ಪುಸ್ತಕದಂಗಡಿಯ ಶ್ರೀನಿವಾಸಯ್ಯನವರಂತೂ, “ನಮ್ಮ ಮುನೇಶನಾ? ಇಲ್ಲ ಬಿಡಿ ಮೇಡಂ,” ಎಂದು ಮೊದಲೇ ತೀರ್ಪು ಕೊಟ್ಟಿದ್ದರು.

“ಶನಿವಾರ ಏನು ಕೆಲಸ ಮಾಡಿದ್ರಿ?”

“ಡೇಟಾ ಕಾಪಿ ಮೇಡಂ. ಕೇಬಲ್ ಹಾಕಿ, ಇದರಿಂದ ಅದಕ್ಕೆ.”

“ಹೊಸದರ ತಳ ಬಿಚ್ಚಿದ್ರಾ?”

“ಇಲ್ಲ. ವಾರಂಟಿ ಇರೋ ಐಟಮ್ಮು. ಮುಟ್ಟಲ್ಲ.”

“ಕ್ಲೀನಿಂಗ್ ಏನಾದ್ರೂ?”

“ತಳ ಬಿಚ್ಚದೆ ಕ್ಲೀನಿಂಗ್ ಹೆಂಗ್ ಮೇಡಂ?”

“ಹಾಗಾದ್ರೆ ಬಿಚ್ಚೇ ಇಲ್ಲ.”

“ದೇವರಾಣೆ ಇಲ್ಲ.”

ಪ್ರೇಮಲತಾ ಅದನ್ನು ಹಾಗೆಯೇ ಬರೆದುಕೊಂಡು, ಓದಿ ಹೇಳಿದರು. “ಸರಿಯಾಗಿದೆ,” ಎಂದ ಮುನೇಶ್. ಶೋಧನೆ ಶುರುವಾಯಿತು. ದೊಡ್ಡಬೈರಪ್ಪ ಮೊಬೈಲ್ ಹಿಡಿದರು. ಕಪಾಟು, ಡ್ರಾ, ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಗಳು, ಕಡೆಗೆ ಕಸದ ಬುಟ್ಟಿ. ಎಲ್ಲೂ ಏನೂ ಸಿಗಲಿಲ್ಲ. ಶ್ರೀನಿವಾಸಯ್ಯ ‘ನಾನು ಹೇಳಲಿಲ್ಲವೇ’ ಎಂಬಂತೆ ಕೈ ಕಟ್ಟಿ ನಿಂತರು.

ಪ್ರೇಮಲತಾ ಕಸದ ಬುಟ್ಟಿಯನ್ನೇ ನೋಡುತ್ತಿದ್ದರು. ಈ ಮೇಜಿನ ಮೇಲೆ ತಳ ಬಿಚ್ಚಿದ್ದರೆ ಕಾಳು ಈ ಮೇಜಿನ ಮೇಲೇ ಉದುರಿರಬೇಕು. ತನ್ನ ಮನೆಯಲ್ಲಿ ಹೀಗೆ ಅಕ್ಷತೆ ಉದುರಿದರೆ ತಾನು ಏನು ಮಾಡುತ್ತಿದ್ದೆ? ಕಸದ ಬುಟ್ಟಿಗಂತೂ ಹಾಕುತ್ತಿರಲಿಲ್ಲ.

ಅವರು ತಲೆ ಎತ್ತಿದರು. ಮೇಜಿನ ಮೇಲ್ಗಡೆ, ಕೈಗೆಟುಕುವ ಎತ್ತರದಲ್ಲಿ, ಮುನೇಶ್ವರನ ಪಟ. ಮುಂದೆ ಸಣ್ಣ ಹಲಗೆ, ಅದರ ಮೇಲೆ ವಿಭೂತಿ ಗಟ್ಟಿ, ಬಾಡಿದ ಸೇವಂತಿಗೆ, ತಿರುಪುಗಳನ್ನು ಹಾಕಿಡುವ ತಗಡಿನ ಮುಚ್ಚಳ. ಮುಚ್ಚಳದಲ್ಲಿ ಮೂರು ಕಾಳು. ಒಂದರ ತುದಿ ಫ್ಯಾನಿಗೆ ಸಿಕ್ಕಿ ಮುಕ್ಕಾಗಿತ್ತು. ಕುಂಕುಮದ ಕೆಳಗೆ ಅಕ್ಕಿಯ ಕೆಂಪು ಗೀರು ಕಾಣುತ್ತಿತ್ತು.

“ಇದು ಏನು?”

ಮುನೇಶ್ ಆಗಲೇ ಸಾಲಾಗಿದ್ದ ಸ್ಕ್ರೂಡ್ರೈವರುಗಳನ್ನು ಮತ್ತೆ ಸಾಲು ಮಾಡಿದ.

“ಚಾಮರಾಜಪೇಟೇಲಿ ಯಾರ ಮನೇಲಿ ರಾಜಮುಡಿ ಅಕ್ಷತೆ ಮಾಡ್ತಾರೆ, ಮುನೇಶ್?”

ಅವನು ಮೇಜಿನ ಮುಂದಿನ ಸ್ಟೂಲಿನ ಮೇಲೆ ಕೂತ. ಬಹಳ ಹೊತ್ತಿನಿಂದ ನಿಂತಿದ್ದವನು ಕೂತಂತೆ. “ತಳ ತೆಗೆದ ತಕ್ಷಣ ಕೆಳಗೆ ಬಿತ್ತು ಮೇಡಂ. ಯಾರೋ ಮನೆಯವರು ಒಳ್ಳೇದಾಗಲಿ ಅಂತ ಹಾಕಿದ್ದು. ಕಸಕ್ಕೆ ಹಾಕೋಕೆ ಮನಸ್ಸು ಬರಲಿಲ್ಲ.”

“ಅವರ ಲ್ಯಾಪ್‌ಟಾಪ್ ಬದಲಾಯಿಸೋಕೆ ಬಂತಲ್ಲ?”

ಶ್ರೀನಿವಾಸಯ್ಯ ಕಟ್ಟಿದ್ದ ಕೈ ಬಿಟ್ಟರು.

“ಎಲ್ಲಿದೆ ಅದು?”

“ಮಗಳ ಹತ್ರ. ಯಶಶ್ರೀ. ಆರ್ಕಿಟೆಕ್ಚರ್ ಓದ್ತಿದಾಳೆ. ಅವಳಿಗೆ ಏನೂ ಗೊತ್ತಿಲ್ಲ, ಅವಳದ್ದಕ್ಕೇ ರ‍್ಯಾಮ್ ಹಾಕಿದೀನಿ ಅಂತ ಹೇಳಿದೀನಿ. ಮೇಡಂ, ಕಾಲೇಜಿಗೆ ಹೋಗ್ಬೇಡಿ. ಐದೂವರೆಗೆ ಮನೆಗೆ ಬರ್ತಾಳೆ. ನಾನು ಇಲ್ಲೇ ಇರ್ತೀನಿ, ಎಲ್ಲೂ ಹೋಗಲ್ಲ.”

ದೊಡ್ಡಬೈರಪ್ಪ ಪ್ರೇಮಲತಾರತ್ತ ನೋಡಿದರು. ಕಾಲೇಜು ಹತ್ತು ನಿಮಿಷದ ದಾರಿ. ಪ್ರೇಮಲತಾ ಗಡಿಯಾರ ನೋಡಿ, ಲೆಕ್ಕ ಹಾಕಿ, “ಸರಿ, ಕಾಯೋಣ,” ಎಂದರು. “ಆ ಮುಚ್ಚಳ ಹಾಗೇ ಸೀಲ್ ಮಾಡಿ.”

ಸಂಜೆ 5.35ಕ್ಕೆ, ಅವರೆಲ್ಲ ಕಾಯುತ್ತಿದ್ದ ಮುನೇಶನ ಮನೆಗೆ ಯಶಶ್ರೀ ಬಂದಳು. ಹಜಾರದಲ್ಲಿ ಖಾಕಿ ಕಂಡು, ಅಪ್ಪನ ಮುಖ ನೋಡಿ, ಏನೂ ಕೇಳದೆ ಬೆನ್ನಿನ ಚೀಲ ಬಿಚ್ಚಿ ಲ್ಯಾಪ್‌ಟಾಪ್ ಮೇಜಿನ ಮೇಲಿಟ್ಟಳು. ಪಂಚನಾಮೆ ಬರೆಯುವಷ್ಟು ಹೊತ್ತೂ ಗೋಡೆಗೆ ಒರಗಿ ನಿಂತಿದ್ದಳು. 6.40ಕ್ಕೆ, ಕಾರಣಗಳನ್ನು ಬರಹದಲ್ಲಿ ಕೊಟ್ಟು, ಮುನೇಶನನ್ನು ಬಂಧಿಸಲಾಯಿತು.

ಹೇಳಿಕೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಫೆಬ್ರವರಿಯಲ್ಲಿ ಮಗಳಿಗೆ ಲ್ಯಾಪ್‌ಟಾಪ್ ಕೊಂಡಿದ್ದ. ಅವಳ ಸಹಪಾಠಿಗಳ ಬಳಿ ಇದ್ದ ಮಾಡೆಲ್ಲೇ, ಆದರೆ ಒಳಗಿನ ಸರಕು ಅವನಿಗೆ ಎಟುಕುವಷ್ಟರದು. ಬೇರೆ ಅಪ್ಪಂದಿರು ತಿಳಿಯದೆ ಮೋಸಹೋಗುತ್ತಾರೆ; ಅವನು ತಿಳಿದೇ ಕೊಂಡಿದ್ದ. ಮಗಳಿಗೆ ಮಾತ್ರ “ಎಲ್ಲರದೂ ಇದೇ ಕಣಮ್ಮ, ಏನೂ ವ್ಯತ್ಯಾಸ ಇಲ್ಲ” ಎಂದಿದ್ದ. ಊರಿನವರ ಲ್ಯಾಪ್‌ಟಾಪುಗಳ ಬಗ್ಗೆ ಅವನ ಮಾತೇ ಕೊನೆ ಮಾತು. ಮಗಳೂ ನಂಬಿದಳು ಎಂದುಕೊಂಡ. ಐದು ತಿಂಗಳು ಅವಳ ಚಿತ್ರಗಳು ಅರ್ಧರ್ಧಕ್ಕೆ ನಿಲ್ಲುವುದನ್ನು ನೋಡಿದ. ಶನಿವಾರ ಅದೇ ಮುಚ್ಚಳದ, ಅದೇ ಬಣ್ಣದ ದುಬಾರಿ ಅಣ್ಣ ಅವನ ಮೇಜಿಗೆ ಬಂತು. ನಂಬರಿನ ಸ್ಟಿಕರ್ ಇರುವ ತಳ, ಕಡತಗಳಿರುವ ಒಳಗಿನ ಡ್ರೈವು ಎರಡನ್ನೂ ಅದಲುಬದಲು ಮಾಡಲು ಅವನಿಗೆ ಬೇಕಾದದ್ದು ಇಪ್ಪತ್ತು ನಿಮಿಷ. “ಮಾರೋಕಲ್ಲ ಮೇಡಂ,” ಎಂದಿದ್ದ. “ನಾನು ಅವಳಿಗೆ ಹೇಳಿದ್ದು ನಿಜ ಆಗ್ಲಿ ಅಂತ.” ಪ್ರೇಮಲತಾ ಆ ವಾಕ್ಯವನ್ನೂ ಬರೆದುಕೊಂಡರು. ಕಾನೂನಿನಲ್ಲಿ ಅದಕ್ಕೆ ಬೆಲೆಯಿಲ್ಲ, ಆದರೂ ಬರೆದುಕೊಂಡರು.

ಜಪ್ತಿ ಮಾಡಿದ ಮಾಲು ಒಮ್ಮೆ ಕೋರ್ಟಿನ ಕಪಾಟು ಸೇರಿದರೆ ತಿಂಗಳುಗಟ್ಟಲೆ ಹೊರಬರುವುದಿಲ್ಲ. ಗುರುವಾರ ಬೆಳಗ್ಗೆ ಮುನೇಶನನ್ನು ಹಾಜರುಪಡಿಸುವ ಹೊತ್ತಿಗೇ ಪ್ರೇಮಲತಾ ಫೋಟೊ, ಬಿಲ್ಲು, ಪಂಚನಾಮೆ ಎಲ್ಲ ಜೋಡಿಸಿ ಸಿದ್ಧವಾಗಿದ್ದರು. ವಿಚಾರಣೆ ಮುಗಿಯುವ ತನಕ ಲ್ಯಾಪ್‌ಟಾಪುಗಳು ಮಾಲೀಕರ ವಶದಲ್ಲಿರಲಿ ಎಂಬ ಅರ್ಜಿಗೆ ಮಧ್ಯಾಹ್ನ 3.30ಕ್ಕೆ ಆದೇಶ ಸಿಕ್ಕಿತು. ಸಂಜೆಯೊಳಗೆ ಸರ್ವಿಸ್ ಸೆಂಟರಿನ ಎಂಜಿನಿಯರ್ ಅವರವರ ಡ್ರೈವು ಅವರವರದ್ದಕ್ಕೆ ಹಾಕಿಕೊಟ್ಟ.

ಶುಕ್ರವಾರ ಸಂಜೆ 4.10ಕ್ಕೆ ಆರಾಧನಾಳ ಸಂದೇಶ ಬಂತು. “ಕಳಿಸಿದೆ ಮೇಡಂ. ಒಪ್ಪಿಗೆನೂ ಬಂತು. ಅಜ್ಜಿ ಮತ್ತೆ ಅಕ್ಷತೆ ಹಾಕ್ತೀನಿ ಅಂತ ಕೂತಿದಾರೆ. ಈ ಸಲ ಮುಚ್ಚಳ ಮುಚ್ಚಿಟ್ಟಿದೀನಿ.”

ಒಳಗಿನ ನಂಬರಿನದು ಮುನೇಶನ ಹೆಸರಿನ ಬಿಲ್ಲು ಎಂಬ ಕಂಪನಿಯ ಉತ್ತರ ಬಂದದ್ದು ಅದರ ಮುಂದಿನ ವಾರ. ಅದೂ ಕಡತ ಸೇರಿತು.

ಆದರೆ ಅದಕ್ಕೂ ಮೊದಲು, ಜುಲೈ 12, ಶನಿವಾರ ಬೆಳಗ್ಗೆ 9.50ಕ್ಕೆ ಯಶಶ್ರೀ ಠಾಣೆಗೆ ಬಂದಳು. ಬಾಗಿಲಲ್ಲೇ ನಿಂತು, “ಮೇಡಂ, ನಂದು... ನನ್ನ ಹಳೇ ಲ್ಯಾಪ್‌ಟಾಪು, ಅದನ್ನ ವಾಪಸ್ ಕೇಳಬಹುದಾ?” ಎಂದಳು.

ಪ್ರೇಮಲತಾ ಕಪಾಟಿನಿಂದ ತೆಗೆದು ಮೇಜಿನ ಮೇಲಿಟ್ಟರು. “ನಿನ್ನದಕ್ಕೂ ಸೇರಿಸೇ ಅರ್ಜಿ ಹಾಕಿದ್ದೆ. ಇಲ್ಲಿ ಸಹಿ ಮಾಡು.”

ಅವಳು ಸಹಿ ಮಾಡಿದಳು. ಚೀಲಕ್ಕೆ ಹಾಕಿಕೊಳ್ಳುವಾಗ ಕೈ ಒಂದು ಕ್ಷಣ ಮುಚ್ಚಳದ ಮೇಲೆ ನಿಂತಿತು.

“ಕಾಲೇಜಿನ ಕೆಲಸ ಇದರಲ್ಲಿ ಆಗುತ್ತೇನಮ್ಮ?” ದೊಡ್ಡಬೈರಪ್ಪ ಕೇಳಿದರು.

“ನಿಧಾನ ಆಗುತ್ತೆ ಸರ್. ಕಾಲೇಜು ಲ್ಯಾಬಿದೆ. ಇದರಲ್ಲಿ ನಿಂತ್ಹೋಗೋದನ್ನ ಫೆಬ್ರವರಿಯಿಂದ ಅಲ್ಲೇ ಮಾಡ್ಕೊಳ್ತಿದ್ದೆ.” ಚೀಲದ ಜಿಪ್ ಎಳೆದಳು. “ಇದು ಎಲ್ಲರ ಹತ್ರ ಇರೋದಲ್ಲ ಅಂತ ತಂದ ದಿನವೇ ಗೊತ್ತಾಯ್ತು ಮೇಡಂ. ಅಪ್ಪ ಅಷ್ಟು ಖುಷಿಯಿಂದ ಹೇಳಿದ್ರು. ಅದಕ್ಕೇ ಗೊತ್ತಾಗದವಳ ಹಾಗೆ ಇದ್ದೆ.”