ವಿನೋದಾ ಬರೆದ ಎಂಟು

"ಹೊರಗೆ ಬೋರ್ಡಿನಲ್ಲಿ ಗೋಳಿಬಜೆ ಅಂತ ಉಂಟು. ಒಳಗೆ ಬಂದ್ರೆ ಮುಗಿದಿದೆ ಅಂತೀರಿ. ಇದೆಂತ ಮೋಸ?"

ಮದರಾಸಿನ ತ್ರಿಪ್ಲಿಕೇನಿನ ಆ ಚಿಕ್ಕ ಹೋಟೆಲಿನಲ್ಲಿ ಸಂಜೆಯ ಕಾಫಿಯ ಗದ್ದಲ. ಆ ಗದ್ದಲದ ಮೇಲೂ ಕೇಳುವಂತೆ ಕೂಗಿದವನು ಚಂದು. ವಡಪಳನಿಯ ಸಿನಿಮಾ ಸ್ಟುಡಿಯೋ ಒಂದರಲ್ಲಿ ಕ್ಯಾಮೆರಾ ಜೀಪ್ ಓಡಿಸುವವನು. ತೋಳಿನ ಮೇಲೆ ಗ್ರೀಸು, ತಲೆಯಲ್ಲಿ ಧೂಳು, ಮುಖದಲ್ಲಿ ಮಾತ್ರ ಮದುಮಗನ ಗತ್ತು.

ಇಂಥ ಗಿರಾಕಿಗಳನ್ನು ವಿನೋದಾ ಬೇಕಾದಷ್ಟು ನೋಡಿದ್ದಳು. ಹೋಟೆಲು ಅವಳ ಅಪ್ಪ ವಿಷ್ಣುಮೂರ್ತಿಗಳದು. ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ ಆ ಹೊತ್ತಿನ ತಿಂಡಿಗಳ ಹೆಸರು ಬರೆಯುವುದು ಅವಳ ಪಾಲಿನ ಕೆಲಸ. ಅವಳು ಮರುಮಾತಾಡದೆ ಎದ್ದು ಹೋಗಿ ಸೆರಗಿನ ತುದಿಯಿಂದ ಗೋಳಿಬಜೆಯನ್ನು ಒರೆಸಿ ಬಂದಳು.

"ಈಗ ಮೋಸ ಇಲ್ಲ. ಎಂತ ಕೊಡ್ಲಿ?"

ಅವನು ಸೆರಗಿಗೆ ಮೆತ್ತಿದ ಸೀಮೆಸುಣ್ಣದ ಪುಡಿ ನೋಡಿದ. ಆಮೇಲೆ ಅವಳ ಮುಖ ನೋಡಿದ. ನೋಡಿದವನು ಅಲ್ಲಿಗೆ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ.

"ನೀವು ಎಂತ ಕೊಟ್ರೂ ಆದೀತು."

"ಬಿಲ್ ಕೊಡ್ತೇನೆ. ಹಿಡ್ಕೊಂಡು ಹೊರಡಿ."

ಹೊರಡಲಿಲ್ಲ. ಎರಡು ಕಾಫಿ ಕುಡಿದ. ಮರುದಿನ ಬಂದ, ಅದರ ಮರುದಿನವೂ ಬಂದ. ವಡಪಳನಿಯಲ್ಲಿ ಕಾಫಿಯೇ ಸಿಗುವುದಿಲ್ಲವೇನೋ ಎಂದು ಕಾಫಿ ಬೆರೆಸುವ ಐತಪ್ಪ ಗೊಣಗಿಕೊಂಡ. ಅರವತ್ತೊಂದರ ದೀಪಾವಳಿಯ ಸುಮಾರಿನ ಮಾತು ಇದು.

ಜೀಪು ಅವನ ಹೊಟ್ಟೆಪಾಡು, ಅಷ್ಟೆ. ಜೀವವಿದ್ದದ್ದು ಹಳೆಯದೊಂದು ರೇಸ್ ಬೈಕಿನಲ್ಲಿ. ಮದರಾಸಿನ ಹೊರಗೆ ಶೋಲಾವರಂನಲ್ಲಿ ಯುದ್ಧಕಾಲದ ವಿಮಾನಗಳಿಗೆಂದು ಹಾಸಿದ ಕಾಂಕ್ರೀಟು ದಾರಿಯಿತ್ತು. ಈಗ ಅಲ್ಲಿ ರೇಸ್ ನಡೆಯುತ್ತಿತ್ತು. ರೇಸಿನ ದಿನ ಅಲ್ಲಿ ಇಡ್ಲಿ, ಕಾಫಿಯ ಸ್ಟಾಲು ಹಾಕುವವರು ವಿಷ್ಣುಮೂರ್ತಿಗಳೇ ಆದ್ದರಿಂದ ವಿನೋದಾಗೂ ಅಲ್ಲಿಗೆ ದಾರಿ ಸಲೀಸು.

ಕ್ರಿಸ್ಮಸ್ಸಿನ ರೇಸಿನಲ್ಲಿ ಅವನು ಬಿದ್ದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ರನ್‌ವೇಯ ತುದಿಯಲ್ಲಿ ಹುಲ್ಲಿನ ಪಿಂಡಿ ಜೋಡಿಸಿ ಮಾಡಿದ ಕಡಿದಾದ ತಿರುವು. ಅದಕ್ಕೆ ಮೊದಲು ಒಂದು ಕೆಂಪು ಡ್ರಮ್ಮು. ಡ್ರಮ್ಮಿನ ಈಚೆಗೇ ಬ್ರೇಕ್ ಹಿಡಿದರೆ ಕ್ಷೇಮ. ಅದನ್ನು ದಾಟಿ ಹಿಡಿದರೆ ಸಮಯ ಉಳಿಯುತ್ತದೆ; ಗಾಳಿಗೆ ಮರಳು ಬಂದು ಬಿದ್ದಿದ್ದರೆ ಮೈ ಉಳಿಯುವುದಿಲ್ಲ. ಚಂದು ದಾಟಿ ಹಿಡಿದಿದ್ದ. ಭುಜದ ಎಲುಬು ಮುರಿಯಿತು.

ಬಲಗೈಯನ್ನು ಕೊರಳಿಗೆ ತೂಗುಹಾಕಿಕೊಂಡು ಹೋಟೆಲಿಗೆ ಬಂದವನು ಎಡಗೈಯಲ್ಲಿ ದೋಸೆಯ ಜೊತೆ ಗುದ್ದಾಡುತ್ತಿದ್ದ. ವಿನೋದಾ ತಟ್ಟೆ ಎಳೆದುಕೊಂಡು ಚೂರು ಚೂರು ಹರಿದು ಮತ್ತೆ ಅವನ ಮುಂದೆ ತಳ್ಳಿದಳು.

"ಎಲ್ಲ ಗಿರಾಕಿಗಳಿಗೂ ಹೀಗೆ ಹರಿದು ಕೊಡ್ತೀಯಾ?"

"ಎಲುಬು ಮುರ್ಕೊಂಡು ದೋಸೆಗೆ ಬರುವ ಹುಚ್ಚರು ಬೇರೆ ಯಾರೂ ಇಲ್ಲ."

ಅವನು ನಕ್ಕ. ಅವಳಿಗೆ ನಗು ಬರಲಿಲ್ಲ. ಆ ದಿನ ಹುಲ್ಲಿನ ಪಿಂಡಿಗಳ ನಡುವೆ ಅವನು ಏಳದೆ ಬಿದ್ದಿದ್ದಷ್ಟು ಹೊತ್ತು ತನಗೇನಾಗಿತ್ತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೆ ಹೆಸರೂ ಗೊತ್ತಿತ್ತು. ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಫೆಬ್ರವರಿಯಲ್ಲಿ ಕೊನೆಯ ರೇಸು. ಅದರ ಹಿಂದಿನ ವಾರ ಚಂದು ಕೌಂಟರಿನ ಬಳಿ ಬಂದು ನಿಂತ.

"ವಿನೋದಾ, ರೇಸ್ ಬೈಕಿಗೆ ಕನ್ನಡಿ ಇಲ್ಲ. ಹಿಂದಿನವ ಎಷ್ಟು ಹತ್ರ ಬಂದ ಅಂತ ನಂಗೆ ಗೊತ್ತಾಗೂದಿಲ್ಲ. ಒಂದೊಂದು ಸುತ್ತಿಗೂ ನಮ್ಮವರು ನಿಲ್ಲುವ ಪಿಟ್ ಎದುರಿಗೆ ಬರುವಾಗ ಯಾರಾದ್ರೂ ಬೋರ್ಡಿನಲ್ಲಿ ಬರೆದು ತೋರಿಸ್ಬೇಕು. ನೀನು ತೋರಿಸು."

"ಐತಪ್ಪ ಇದ್ದಾನಲ್ಲ?"

"ಅವ ಸ್ಟಾಪ್‌ವಾಚ್ ಹಿಡೀಲಿ. ಅವನ ಅಕ್ಷರ ನೋಡಿದ್ದೀಯಾ? ಜಿಲೇಬಿ! ನಿನ್ನ ಅಕ್ಷರ ಆದ್ರೆ ನೂರು ಮೈಲಿ ಸ್ಪೀಡಿನಲ್ಲೂ ಓದ್ಲಿಕ್ಕೆ ಬರ್ತದೆ. ಮೂರು ತಿಂಗಳಿಂದ ಅದನ್ನೇ ಓದ್ತಾ ಇದ್ದೇನೆ."

ಅವಳು ಸೀಮೆಸುಣ್ಣದ ಡಬ್ಬಿಯೊಳಗೆ ಏನನ್ನೋ ಹುಡುಕತೊಡಗಿದಳು. ಕಿವಿ ಕೆಂಪಾದದ್ದು ಡಬ್ಬಿಯಲ್ಲಿ ಅಡಗಲಿಲ್ಲ.

ಲೆಕ್ಕ ಸುಲಭವಾಗಿತ್ತು. ಆ ಸಲದ ಎಲ್ಲ ರೇಸುಗಳ ಅಂಕ ಕೂಡಿಸಿದರೆ ಚಾಂಪಿಯನ್ ಪಟ್ಟಕ್ಕೆ ಉಳಿದವರು ಇಬ್ಬರೇ. ಒಬ್ಬ ಚಂದು, ಇನ್ನೊಬ್ಬ ಪುರಸೈವಾಕ್ಕಂನ ಜವಳಿ ಅಂಗಡಿಯವರ ಮಗ ತಿರುಮಲ. ತಿರುಮಲನ ಬೈಕು ಹೊಸದು, ಅದನ್ನು ಹಿಡಿಯುವ ಮಾತೇ ಇಲ್ಲ. ಅವನು ಗೆದ್ದರೂ ಚಂದು ಮೂರನೆಯವನಾಗಿ ಬಂದರೆ ಪಟ್ಟ ಚಂದುವಿನದೇ. ಪಟ್ಟ ಬಂದರೆ ಬೈಕ್ ಕಂಪೆನಿಯೊಂದು ಅವನನ್ನು ರೇಸಿಗೆಂದೇ ಕೆಲಸಕ್ಕೆ ಇಟ್ಟುಕೊಳ್ಳುತ್ತದೆ. ಬರದಿದ್ದರೆ ಅದೇ ಕ್ಯಾಮೆರಾ ಜೀಪು.

ರೇಸಿನ ಬೆಳಿಗ್ಗೆ ಕೈಗವಸು ಹಾಕಿಕೊಳ್ಳುತ್ತಾ ಅವನು ಹೇಳಿದ: "ಹಿಂದಿನವ ಐದು ಸೆಕೆಂಡಿಗಿಂತ ದೂರ ಇದ್ರೆ ನಾನು ಡ್ರಮ್ಮಿನ ಈಚೆಗೇ ಬ್ರೇಕ್ ಹಾಕ್ತೇನೆ. ಆಣೆ. ಹತ್ರ ಬಂದ್ರೆ ಮಾತ್ರ ದಾಟ್ಲೇಬೇಕು."

"ಮರಳಿದ್ರೆ?"

"ನೀನು ನಂಬರ್ ಸರಿ ಬರಿ. ಮರಳು ನನ್ನ ಪಾಲಿಗಿರ್ಲಿ."

ಮಧ್ಯಾಹ್ನ ಕಡಲ ಕಡೆಯಿಂದ ಗಾಳಿ ಎದ್ದಿತು. ಬಾವುಟ ಬಿದ್ದು ರೇಸ್ ಶುರುವಾಯಿತು. ಮೊದಲ ಸುತ್ತಿನಲ್ಲೇ ತಿರುಮಲ ಮುಂದೆ ಹೋದ, ಅವನ ಬೆನ್ನಿಗೆ ಕಲ್ಕತ್ತೆಯವನೊಬ್ಬ, ಮೂರನೆಯವನು ಚಂದು. ಅಂದುಕೊಂಡ ಹಾಗೆಯೇ. ತಿರುವಿನಿಂದ ಚಂದು ಹೊರಬಿದ್ದ ಮೇಲೆ ಹಿಂದಿನವನು ಎಷ್ಟು ಸೆಕೆಂಡಿಗೆ ಬಂದನೆಂದು ಐತಪ್ಪ ಸ್ಟಾಪ್‌ವಾಚಿನಲ್ಲಿ ನೋಡಿ ಕೂಗುತ್ತಿದ್ದ, ವಿನೋದಾ ಬರೆದು ಎತ್ತಿ ಹಿಡಿಯುತ್ತಿದ್ದಳು. ಹನ್ನೆರಡು. ಹನ್ನೊಂದು. ಚಂದು ತಲೆಯಾಡಿಸಿ ಹೋಗುತ್ತಿದ್ದ. ದೂರದಲ್ಲಿ, ಬಿಸಿಲಿಗೆ ನಡುಗುವ ಗಾಳಿಯಲ್ಲಿ, ಅವನು ಡ್ರಮ್ಮಿನ ಈಚೆಗೇ ವೇಗ ತಗ್ಗಿಸುವುದು ಕಾಣುತ್ತಿತ್ತು. ಪ್ರತಿ ಸಲವೂ ಅವಳಿಗೆ ಅಲ್ಲಿಯವರೆಗೆ ಉಸಿರಿರುತ್ತಿರಲಿಲ್ಲ.

ನಾಲ್ಕನೆಯವನು ಬೆಂಗಳೂರಿನ ಹರಿದಾಸ. ಅವನಿಗೆ ಪಟ್ಟದ ಆಸೆಯಿಲ್ಲ, ಕಳೆದುಕೊಳ್ಳುವುದೂ ಏನಿಲ್ಲ. ಪ್ರತಿ ಸುತ್ತಿಗೂ ಅವನು ಡ್ರಮ್ಮು ದಾಟಿಯೇ ಬ್ರೇಕ್ ಹಿಡಿಯುತ್ತಿದ್ದ.

"ಒಂಬತ್ತು!" ಐತಪ್ಪ ಕೂಗಿದ. ಮುಂದಿನ ಸಲ, "ಆರು!"

ಗಾಳಿ ಜೋರಾಯಿತು. ತಿರುವಿನಲ್ಲಿ ಮರಳು ಹೊಗೆಯ ಹಾಗೆ ಏಳುತ್ತಿತ್ತು. ಅಷ್ಟರಲ್ಲಿ ಹಿಂದೆ ಉಳಿದಿದ್ದ ಯಾರೋ ಅಲ್ಲಿ ಜಾರಿ ಬಿದ್ದ. ಬಿಳಿ ಅಂಗಿಯವರು ಸ್ಟ್ರೆಚರ್ ಹಿಡಿದು ಓಡಿದರು. ಹೊತ್ತು ತರುವಾಗ ಆ ಹುಡುಗನ ಒಂದು ಕೈ ಸ್ಟ್ರೆಚರಿನಿಂದ ಕೆಳಗೆ ತೂಗಾಡುತ್ತಿತ್ತು.

"ಮೂರು ವಿನೋದಕ್ಕ, ಮೂರು! ಸೀಕ್ರಂ, ಬೇಗ ಬರೀರಿ! ಇನ್ನು ಎರಡೇ ಸುತ್ತು!"

ಮೂರು ಎಂದು ಬರೆದರೆ ಅವನು ಡ್ರಮ್ಮು ದಾಟುತ್ತಾನೆ. ಅವಳ ಕಣ್ಣಿನಿಂದ ಆ ತೂಗಾಡುವ ಕೈ ಹೋಗಲಿಲ್ಲ. ಯೋಚನೆ ಮಾಡಿದಳು ಎಂದರೆ ಸುಳ್ಳಾದೀತು. ಕೈ ತಾನಾಗಿ ಬರೆಯಿತು. ಎಂಟು.

ಚಂದು ಬಂದ. ಓದಿದ. ತಲೆಯಾಡಿಸಿದ. ಡ್ರಮ್ಮಿಗೆ ಬಹಳ ಮೊದಲೇ ಬ್ರೇಕ್ ಹಿಡಿದು ನಿಧಾನವಾಗಿ ತಿರುಗಿದ. ಅವಳಿಗೆ ಅಳು ಬರುವಷ್ಟು ಸಮಾಧಾನವಾಯಿತು. ಪಟ್ಟ ಹೋದರೆ ಹೋಗಲಿ, ಹರಿದಾಸ ಮುಂದೆ ಹೋದರೆ ಹೋಗಲಿ, ಸಂಜೆ ಇವನು ತನ್ನ ಕಾಲ ಮೇಲೆ ನಡೆದು ಬಂದರೆ ಸಾಕು.

"ಒಂದು! ಒಂದೇ ಸೆಕೆಂಡ್!" ಐತಪ್ಪ ಅರಚಿದ. "ಇವರು ಯಾಕೆ ಹೀಗೆ ನಿಧಾನ ಮಾಡಿದ್ದು? ಗ್ರಹಚಾರ!"

ಆಗ ಅವಳಿಗೆ ಹೊಳೆಯಿತು. ಚಂದು ನಿಧಾನ ಮಾಡಿದ್ದು ತನ್ನ ಎಂಟನ್ನು ನಂಬಿ. ಹಿಂದೆ ಯಾರೂ ಇಲ್ಲವೆಂದುಕೊಂಡು ಅವನು ಈ ಸಲವೂ ಬೇಗನೆ ಬ್ರೇಕ್ ಹಾಕುತ್ತಾನೆ. ಬೆನ್ನಿಗೆ ಅಂಟಿದ ಹರಿದಾಸ ಹಾಕುವುದಿಲ್ಲ. ಅವಳು ಅಂಗೈಯಿಂದ ಉಜ್ಜಿದಳು, ಸೀಮೆಸುಣ್ಣ ಹಿಡಿದಳು, ಅದು ಎರಡು ತುಂಡಾಯಿತು. ಅರ್ಧ ಅಳಿಸಿದ ಎಂಟನ್ನೇ ಓದಿಕೊಂಡು ಚಂದು ಅವಳ ಮುಂದಿನಿಂದ ಹೊರಟುಹೋದ. ಅವನ ಬೆನ್ನಿಗೇ ಹರಿದಾಸ.

"ಚಂದೂ!" ಎಂದು ಅವಳು ಕಿರುಚಿದಳು. ಎಂಜಿನ್ನುಗಳ ಅಬ್ಬರದಲ್ಲಿ ಅದು ಅವಳಿಗೇ ಕೇಳಿಸಲಿಲ್ಲ.

ಚಂದು ಬ್ರೇಕ್ ಹಿಡಿದ. ಹರಿದಾಸ ಹಿಡಿಯಲಿಲ್ಲ. ಎದುರಿಗೆ ಇದ್ದಕ್ಕಿದ್ದಂತೆ ನಿಧಾನವಾದ ಬೈಕನ್ನು ತಪ್ಪಿಸಲು ಅವನು ಒಳಗೆ ನುಗ್ಗಿದ, ಹ್ಯಾಂಡಲಿಗೆ ಹ್ಯಾಂಡಲು ತಾಗಿತು, ಚಂದುವಿನ ಬೈಕು ಹುಲ್ಲಿನ ಪಿಂಡಿಗಳೊಳಗೆ ಹೋಯಿತು. ಧೂಳು ಎದ್ದು ಎಲ್ಲವನ್ನೂ ಮುಚ್ಚಿತು.

ಅವಳು ಪಿಟ್ಟಿನ ಗೋಡೆ ಹತ್ತಲು ಹೊರಟಳು. ಐತಪ್ಪ ತೋಳು ಹಿಡಿದು ಎಳೆದ. ಬದುಕಿರಲಿ, ಬದುಕಿರಲಿ, ಬದುಕಿರಲಿ. ಬೇರೆ ಯಾವ ಮಾತೂ ಅವಳೊಳಗೆ ಉಳಿದಿರಲಿಲ್ಲ.

ಧೂಳಿನಿಂದ ಒಂದು ಬೈಕು ಹೊರಬಿತ್ತು. ಹ್ಯಾಂಡಲು ಸೊಟ್ಟಗಾಗಿತ್ತು, ಮೇಲೆ ಕುಳಿತವನೂ ಸೊಟ್ಟಗಾಗಿದ್ದ. ಅವನು ಗೆರೆ ದಾಟಿದ್ದು ನಾಲ್ಕನೆಯವನಾಗಿ. ಪಟ್ಟ ತಿರುಮಲನದಾಯಿತು. ಆ ಕಡೆ ಹಾರ, ಪಟಾಕಿ, ಕೂಗಾಟ.

ಚಂದು ಪಿಟ್ಟಿಗೆ ಬಂದವನೇ ಬೈಕನ್ನು ಗೋಡೆಗೆ ಒರಗಿಸಿ ಐತಪ್ಪನ ಕಾಲರ್ ಹಿಡಿದ. ಮೊಣಕೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು.

"ಎಂತ ನಂಬರ್ ಹೇಳಿದ್ದು ನೀನು? ಎಂಟು ಸೆಕೆಂಡ್ ಎಲ್ಲಿತ್ತು? ವಾಚ್ ನೋಡ್ಲಿಕ್ಕೆ ಬರೂದಿಲ್ವಾ ನಿಂಗೆ?"

ಐತಪ್ಪ ಕೈಯಲ್ಲಿದ್ದ ವಾಚನ್ನು ನೋಡಿದ, ಅರ್ಧ ಅಳಿಸಿದ ಬೋರ್ಡನ್ನು ನೋಡಿದ. ವಿನೋದಾ ನಡುವೆ ಬಂದು ನಿಂತಳು.

"ಅವನನ್ನು ಬಿಡಿ. ಅವ ಮೂರು ಅಂತಲೇ ಹೇಳಿದ. ಎಂಟು ಬರೆದದ್ದು ನಾನು."

ಚಂದುವಿನ ಕೈ ಸಡಿಲಾಯಿತು. "ಯಾಕೆ?"

"ಮೂರು ಬರೆದ್ರೆ ನೀವು ಡ್ರಮ್ ದಾಟ್ತೀರಿ. ಆ ಹುಡುಗನನ್ನು ಹೊತ್ಕೊಂಡು ಹೋದದ್ದು ನೋಡಿದೆ. ನಿಮ್ಮನ್ನು ಹಾಗೆ ನೋಡ್ಲಿಕ್ಕೆ ನಂಗೆ ಆಗೂದಿಲ್ಲ." ಅವಳು ಅಲ್ಲಿಗೆ ನಿಲ್ಲಿಸಲಿಲ್ಲ. "ನಂಗೆ ನೀವು ಬೇಕು. ಪಟ್ಟ ಬೇಡ, ಕಂಪೆನಿ ಬೇಡ. ನೀವು ಬೇಕು."

ಐತಪ್ಪ ಮೆಲ್ಲಗೆ ಹಿಂದೆ ಸರಿದು ಬೈಕಿನ ಚಕ್ರವನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದ.

ಚಂದು ಮೊಣಕೈಯ ರಕ್ತ ಒರೆಸಿಕೊಂಡು ಮಾತಾಡಿದ. ಕೂಗಲಿಲ್ಲ, ಕೂಗಿದ್ದರೇ ಅವಳಿಗೆ ಹಗುರವಾಗುತ್ತಿತ್ತು.

"ಮೂರು ಅಂತ ಗೊತ್ತಿದ್ರೆ ನಾನು ಅವನಿಗೆ ಒಳಗೆ ಜಾಗವೇ ಬಿಡ್ತಿರ್ಲಿಲ್ಲ. ನೀನು ಎಂಟು ಅಂದೆ, ನಾನು ಆರಾಮದಲ್ಲಿ ಬ್ರೇಕ್ ಹಾಕಿದೆ. ಅವ ನನ್ನ ಮೇಲೇ ಬಂದ. ಉಳಿಸ್ಲಿಕ್ಕೆ ಹೋಗಿ ನೀನು ನನ್ನನ್ನು ಕೊಂದೇ ಬಿಡ್ತಿದ್ದೆ ವಿನೋದಾ."

ಅವಳು ತಲೆ ತಗ್ಗಿಸಿ ಸ್ಟಾಲಿನ ಕಡೆ ನಡೆದುಬಿಟ್ಟಳು.

ಜನ ಕರಗಿದರು. ಬಿಸಿಲು ಇಳಿಯಿತು. ಸ್ಟಾಲಿನ ಹಿಂದೆ ವಿನೋದಾ ಲೋಟ ತೊಳೆಯುತ್ತಿದ್ದಳು, ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದಳು. ಚಂದು ಬಂದು ಪಕ್ಕದ ಪೆಟ್ಟಿಗೆಯ ಮೇಲೆ ಕುಳಿತು ಮೊಣಕೈ ಚಾಚಿದ. ಅವಳು ಚೊಂಬಿನಿಂದ ನೀರು ಬಿಟ್ಟು ಮರಳು ತೊಳೆದಳು. ಅವನು ಹಲ್ಲು ಕಚ್ಚಿದ.

"ಇನ್ನು ಮುಂದೆಯೂ ಓಡಿಸ್ತೀರಾ?"

"ಓಡಿಸ್ತೇನೆ. ಬೋರ್ಡ್ ನೀನೇ ಹಿಡೀಬೇಕು."

"ನನ್ನನ್ನು ಇನ್ನು ನಂಬ್ತೀರಾ?"

"ಐತಪ್ಪ ಬಾಯಿ ಬಿಟ್ಟಿರ್ಲಿಲ್ಲ. ನೀನು ಸುಮ್ಮನೆ ಇರ್ಬಹುದಿತ್ತು. ಇರ್ಲಿಲ್ಲ."

"ನಿಜ ಬರೆದ್ರೆ ನೀವು ಡ್ರಮ್ ದಾಟ್ತೀರಿ."

"ದಾಟ್ತೇನೆ. ನಿಂಗೆ ಹೆದರಿಕೆ ಆದ್ರೆ ಹೆದರಿಕೆ ಅಂತಲೇ ಬರಿ. ನಂಬರ್ ಸುಳ್ಳು ಮಾಡ್ಬೇಡ. ನಾನು ಓದ್ತೇನೆ."

"ಓದಿ ಬ್ರೇಕ್ ಹಾಕ್ತೀರಾ?"

"ಅದನ್ನು ಆಗ ನೋಡುವ."

ಅವಳು ಅವನ ಮೊಣಕೈಗೆ ಒದ್ದೆ ಬಟ್ಟೆ ಸುತ್ತಿದಳು. ಗಂಟು ಹಾಕಿಯಾದ ಮೇಲೂ ಬೆರಳು ಅಲ್ಲಿಂದ ಏಳಲಿಲ್ಲ.

"ಸಿಟ್ಟು ಉಂಟಾ?"

"ಉಂಟು. ಹೊಟ್ಟೆ ತುಂಬ ಉಂಟು. ಒಂದು ವರ್ಷಕ್ಕಾಗುವಷ್ಟು ಉಂಟು."

"ಅಷ್ಟು ಸಮಯ ನಾನು ಎಂತ ಮಾಡ್ಲಿ?"

ಅವನು ಅವಳ ಬೆರಳುಗಳನ್ನೇ ನೋಡುತ್ತಾ ಹೇಳಿದ: "ದಿನಾ ಸಿಟ್ಟು ಮಾಡ್ಲಿಕ್ಕೆ ವಡಪಳನಿಯಿಂದ ತ್ರಿಪ್ಲಿಕೇನಿಗೆ ಬಸ್ ಹಿಡ್ಕೊಂಡು ಬರ್ಲಿಕ್ಕೆ ನಂಗೆ ಆಗೂದಿಲ್ಲ. ನೀನೇ ಅಲ್ಲಿಗೆ ಬಂದು ಇದ್ದುಬಿಡು."

ಅರ್ಥವಾಗಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವಳ ಕೈ ತಾಗಿ ಪಕ್ಕದ ಚೊಂಬು ಉರುಳಿ ನೀರೆಲ್ಲ ಅವನ ಬೂಟಿನ ಮೇಲೆ ಬಿತ್ತು.

"ಅಪ್ಪನ ಹತ್ರ ಕೇಳ್ಬೇಕು."

"ಕೇಳು."

"ನೀವೇ ಕೇಳಿ. ಇವತ್ತು ಹೇಳ್ಬೇಕಾದ್ದೆಲ್ಲ ನಾನೊಬ್ಬಳೇ ಹೇಳಿದ್ದೇನೆ."

ಆಚೆ ವಿಷ್ಣುಮೂರ್ತಿಗಳು ಉಳಿದ ಸಾಂಬಾರನ್ನು ಸೌಟಿನಿಂದ ಬೇರೆ ಪಾತ್ರೆಗೆ ಹಾಕುತ್ತಿದ್ದರು. ನೂರು ಮೈಲಿ ವೇಗದಲ್ಲಿ ಅಲುಗದ ಚಂದು ಎದ್ದು ನಿಂತ, ಅವರ ಕಡೆ ನೋಡಿದ, ಮತ್ತೆ ಕುಳಿತ.

"ನೀನೂ ಬಾ ಮಾರಾಯ್ತಿ. ಕಾಲು ನಡುಗ್ತಾ ಉಂಟು."

ವಿನೋದಾಗೆ ಆ ದಿನ ಮೊದಲ ಬಾರಿಗೆ ನಗು ಬಂತು. ಒದ್ದೆ ಕೈಯನ್ನು ಒರೆಸಿಕೊಳ್ಳದೆಯೇ ಅವಳು ಅವನ ಗಾಯವಿಲ್ಲದ ಕೈಯನ್ನು ಹಿಡಿದುಕೊಂಡಳು. ಇಬ್ಬರೂ ಹೋಗಿ ಎದುರಿಗೆ ನಿಂತರು. ವಿಷ್ಣುಮೂರ್ತಿಗಳು ತಲೆಯೆತ್ತಿ ಮಗಳ ಮುಖ ನೋಡಿದರು, ಹುಡುಗನ ಮುಖ ನೋಡಿದರು, ಕೊನೆಗೆ ಹಿಡಿದ ಕೈಗಳನ್ನು ನೋಡಿದರು. ನೋಡಿ, ತುಟಿಯಂಚಿನಲ್ಲೇ ನಕ್ಕು ಸೌಟನ್ನು ಕೆಳಗಿಟ್ಟರು.