ಕಾಲರಿನಲ್ಲೇ ಉಳಿದ ಮೈಕು

ಮಾತಿಗೆ ನಿಂತರೆ ಗಾರ್ಮೆಂಟ್ಸ್ ಫ್ಯಾಕ್ಟರಿಯ ಮೆಕ್ಯಾನಿಕ್‌ನನ್ನು ಹಿಡಿಯುವವರಿರಲಿಲ್ಲ. ಹೊಲಿಗೆ ಮಷೀನಿನ ಸೂಜಿ ಬದಲಿಸುವಷ್ಟರಲ್ಲಿ ಊರ ಸುದ್ದಿಯೆಲ್ಲ ಮುಗಿದಿರುತ್ತಿತ್ತು.

ಅಲ್ಲಿ ಬಟ್ಟೆ ಕತ್ತರಿಸುವ ಹುಡುಗಿಯನ್ನು ಎಲ್ಲರೂ ಕತ್ತರಿ ಮೇಡಂ ಎನ್ನುತ್ತಿದ್ದರು. ಕಿವಿ ಕೇಳಿಸದ ಅವಳಿಗೆ ಆಪರೇಷನ್ ಮಾಡಿ ಕಾಕ್ಲಿಯರ್ ಇಂಪ್ಲಾಂಟ್ ಹಾಕಿದ್ದರು. ಕಿವಿಯ ಹಿಂದೆ ಶಬ್ದ ಹಿಡಿಯುವ ಪ್ರೊಸೆಸರ್ ಇದ್ದರೂ ಮಷೀನುಗಳ ಗದ್ದಲದಲ್ಲಿ ಮಾತೆಲ್ಲ ಕಲಸಿಹೋಗುತ್ತಿತ್ತು. ಅದಕ್ಕೇ ಹೆಬ್ಬೆರಳಿನಷ್ಟು ಪುಟ್ಟ ಮೈಕೊಂದು ಅವಳ ಬಳಿ ಇತ್ತು. ಎದುರಿನವರ ಅಂಗಿಗೆ ಸಿಕ್ಕಿಸಿದರೆ ಸಾಕು, ಅವರ ಮಾತು ನೇರ ಅವಳ ಪ್ರೊಸೆಸರಿಗೆ ಬರುತ್ತಿತ್ತು. ಬೇರೆಯವರಿಗೆ ಅದನ್ನು ಕೈಗೆ ಕೊಡುವಳು. ಮೆಕ್ಯಾನಿಕ್‌ನ ಕಾಲರಿಗೆ ಮಾತ್ರ ತಾನೇ ಸಿಕ್ಕಿಸುವಳು. ಆಗ ಅವನು ಫ್ಯಾನ್ ರಿಪೇರಿಗೆ ಬಂದವನಂತೆ ಮೇಲೆ ನೋಡುತ್ತ ನಿಲ್ಲುತ್ತಿದ್ದ.

ಹೋದ ವಾರ ಅವನು, "ನನ್ನನ್ನ ಮದುವೆ ಆಗ್ತೀರಾ?" ಎಂದು ಕೇಳಿಬಿಟ್ಟಿದ್ದ. ಅವಳು ಇನ್ನೂ ಉತ್ತರ ಕೊಟ್ಟಿರಲಿಲ್ಲ. ಅವನೆಂದರೆ ಅವಳಿಗೆ ಪ್ರಾಣ. ಆದರೆ ಕನಿಕರಕ್ಕೆ ಕೊರಳೊಡ್ಡಲು ಮನಸ್ಸಿರಲಿಲ್ಲ.

ಇವತ್ತು ಮೈಕು ತೆಗೆಯುವುದನ್ನೇ ಮರೆತು ಅವನು ಸ್ಟೋರ್ ರೂಮಿಗೆ ಹೋದ. ಅಲ್ಲಿ ಊಟದ ಡಬ್ಬಿ ತಂದಿದ್ದ ಅವನ ಅಕ್ಕ ಕಾಯುತ್ತಿದ್ದಳು. ಅವಳ ಮಾತು ಕತ್ತರಿ ಮೇಡಂಗೆ ಸ್ಪಷ್ಟವಾಗಿ ಕೇಳಿಸಿತು.

"ಹುಡುಗಿ ಚಿನ್ನದಂಥವಳು ಕಣೋ. ಆದ್ರೆ ನಿಜ ಹೇಳು, ಪಾಪ ಅನ್ನಿಸಿ ಕೇಳಿದ್ಯಾ?"

ಬಟ್ಟೆಯ ನಡುವೆಯೇ ಕತ್ತರಿ ನಿಂತಿತು. ರಾತ್ರಿಯೆಲ್ಲ ನಿದ್ದೆಗೆಡಿಸಿದ್ದ ಪ್ರಶ್ನೆ ಅದೇ. ಉತ್ತರ ಇನ್ನೇನು ಬರಬೇಕು, ಅವಳು ಪ್ರೊಸೆಸರಿನ ಗುಂಡಿ ಒತ್ತಿ ಮೈಕಿನ ಸಂಪರ್ಕ ಕಡಿದಳು. ಕದ್ದು ಕೇಳಿದ ಉತ್ತರ ನಂಬಿ ಸಂಸಾರ ಹೂಡುವುದು ಅವಳಿಗೆ ಸರಿಕಾಣಲಿಲ್ಲ.

ಸೀದಾ ಸ್ಟೋರ್ ರೂಮಿಗೆ ನಡೆದಳು.

"ಮೈಕ್ ನಿಮ್ಮ ಕಾಲರ್‌ನಲ್ಲೇ ಇದೆ. ಅಕ್ಕ ಕೇಳಿದ್ದು ಕೇಳಿಸ್ತು. ನೀವು ಬಾಯಿ ತೆರೆಯೋ ಮುಂಚೆ ಆಫ್ ಮಾಡ್ದೆ. ಈಗ ಮತ್ತೆ ಆನ್ ಮಾಡಿದೀನಿ, ನನ್ನೆದುರಿಗೇ ಹೇಳಿ."

ಅಕ್ಕ ಕೈತೊಳೆಯುವ ನೆಪದಲ್ಲಿ ಮೆಲ್ಲಗೆ ಜಾರಿಕೊಂಡಳು. ಮಾತಿನ ಮಲ್ಲ ಕಾಲರಿನ ಮೈಕನ್ನು ಮುಟ್ಟಿ ನೋಡಿಕೊಂಡ.

"ಪಾಪ ಅನ್ನಿಸಿದ್ದು ನನ್ನ ಮೇಲೇ," ಎಂದ. "ಇಡೀ ದಿನ ವಟಗುಟ್ತೀನಿ. ಎಲ್ಲರೂ ಹೂಂ ಅಂತಾರೆ, ಯಾರೂ ಕೇಳಿಸ್ಕೊಳ್ಳಲ್ಲ. ನೀವು ಮೈಕ್ ಸಿಕ್ಕಿಸಿ ಕೂತು ಕೇಳಿದ್ರಿ. ನನ್ನ ಮಾತಿಗೂ ಒಂದು ಬೆಲೆ ಇದೆ ಅಂತ ಆವತ್ತೇ ಗೊತ್ತಾಗಿದ್ದು. ಆ ಋಣ ಹೇಗೆ ತೀರಿಸ್ಲಿ ಹೇಳಿ."

ಅವಳ ಕಣ್ಣು ತುಂಬಿತು. ಆಪರೇಷನ್ ಮಾಡಿದ ಡಾಕ್ಟರಿಗೂ, ಈ ಮರೆಗುಳಿಗೂ ಮನಸ್ಸಿನಲ್ಲೇ ಕೈಮುಗಿದಳು.

"ಆಗ್ತೀನಿ," ಎಂದಳು.

"ಏನಂದ್ರಿ? ಮಷೀನ್ ಗದ್ದಲ, ಕೇಳಿಸ್ಲಿಲ್ಲ."

ಸುಳ್ಳೆಂದು ಗೊತ್ತಿದ್ದೂ, ಅವಳು ಅವನ ಕಿವಿಯ ಹತ್ತಿರ ಬಂದು ಇನ್ನೊಮ್ಮೆ ಹೇಳಿದಳು.