ಹಿಮದಲ್ಲಿ ಹೆಪ್ಪುಗಟ್ಟಿದ ಎಣ್ಣೆ

ಬೆಟ್ಟದ ಮೇಲಿನ ಹವಾಮಾನ ಠಾಣೆಯಿಂದ ನಾಲ್ಕು ದಿನವಾದರೂ ರೇಡಿಯೊದಲ್ಲಿ ಒಂದು ಮಾತಿಲ್ಲ. ಅಲ್ಲಿ ಇಬ್ಬರು ವೀಕ್ಷಕರಿದ್ದರು. ಬದುಕಿದ್ದಾರೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಮೋಡ ಕವಿದಿದ್ದರಿಂದ ಹೆಲಿಕಾಪ್ಟರ್ ಹಾರುವಂತಿರಲಿಲ್ಲ. ನಡೆದೇ ಹೋಗಬೇಕು.

"ಮೂರು ಜನ ಸಾಕು," ಎಂದರು ಡಾಕ್ಟರಮ್ಮ, ಕೆಳಗಿನ ಕಚೇರಿಯ ಮೇಜಿನ ಮೇಲೆ ನಕ್ಷೆ ಹರಡುತ್ತ. "ದಾರಿಗೆ ಒಬ್ರು, ಬಂದೂಕಿಗೆ ಒಬ್ರು, ಔಷಧಿಗೆ ನಾನು. ಎರಡು ದಿನ ಹತ್ತೋದು, ಒಂದೂವರೆ ದಿನ ಇಳಿಯೋದು."

ದಾರಿಗೆ ಬಂದವನು ಇಪ್ಪತ್ತು ಚಳಿಗಾಲ ಆ ಬೆಟ್ಟ ಹತ್ತಿಳಿದವನು. ಬಂದೂಕಿಗೆ ಬಂದವನು ಕಚೇರಿಯ ಆಯುಧಗಳನ್ನು ರಿಪೇರಿ ಮಾಡುವ ಮಿಸ್ತ್ರಿ. ದಾರಿಯವನು ಮಿಸ್ತ್ರಿಯ ಅಕ್ಕನ ಗಂಡ. ಮಿಸ್ತ್ರಿ 'ಭಾವ' ಎಂದು ಕರೆಯುತ್ತಿದ್ದುದನ್ನು ಕೇಳಿ ಕೇಳಿ ಇಡೀ ಕಚೇರಿಯೇ ಅವನನ್ನು ಭಾವ ಎನ್ನುತ್ತಿತ್ತು. ಚಳಿ ನಿದ್ದೆಗೆ ಮೊದಲು ಹೊಟ್ಟೆ ತುಂಬಿಸಿಕೊಳ್ಳಲು ಕರಡಿಗಳು ಅಲೆಯುವ ಕಾಲವಾದ್ದರಿಂದ ಬಂದೂಕಿಲ್ಲದೆ ಯಾರೂ ಮೇಲೆ ಹೋಗುತ್ತಿರಲಿಲ್ಲ.

ಹೊರಡುವ ಬೆಳಿಗ್ಗೆ ಬೂಟಿನ ದಾರ ಬಿಗಿಯುತ್ತ ಭಾವ ಕೇಳಿದ, "ಬಂದೂಕಿನ ಎಣ್ಣೆ ಎಲ್ಲಾ ಸೀಮೆಎಣ್ಣೇಲಿ ತೊಳೆದ್ಯೇನೋ?"

"ತೊಳೆದೆ ಭಾವ."

ತೊಳೆದಿರಲಿಲ್ಲ. ಮಾತು ಬಾಯಿಂದ ಎಷ್ಟು ಸಲೀಸಾಗಿ ಜಾರಿತೆಂದರೆ ಮಿಸ್ತ್ರಿಗೇ ಆಶ್ಚರ್ಯವಾಯಿತು.

ಹಿಂದಿನ ದಿನ ಭಾವ ಅವನ ಕೋಣೆಗೆ ಬಂದು ಹೇಳಿ ಹೋಗಿದ್ದ: "ಮೇಲೆ ನಿನ್ನ ದಪ್ಪ ಎಣ್ಣೆ ಗೋಂದಾಗ್ಬಿಡುತ್ತೆ. ಎಲ್ಲಾ ತೊಳೆದು ಒಣಗಿಸು. ಅಲ್ಲಿಗೆ ಎಣ್ಣೆ ಇಲ್ಲದ ಬಂದೂಕೇ ಒಳ್ಳೇದು." ಅದೇ ಮಿಸ್ತ್ರಿಗೆ ಚುಚ್ಚಿತ್ತು. ಹದಿನೆಂಟು ವರ್ಷ ಬಂದೂಕು ಬಿಚ್ಚಿ ಜೋಡಿಸಿದವನು ತಾನು. ಒಂದು ಸ್ಕ್ರೂ ನೆಟ್ಟಗೆ ತಿರುಗಿಸಲು ಬಾರದ ಭಾವ ತನಗೇ ಪಾಠ ಹೇಳುವುದೆ? ಮೀನಿಗೆ ಈಜು ಕಲಿಸಿದ ಹಾಗಾಯಿತು! ಕಬ್ಬಿಣಕ್ಕೆ ಎಣ್ಣೆ, ಮಗುವಿಗೆ ಹಾಲು ಎಂದು ಬಂದವರಿಗೆಲ್ಲ ಹೇಳುವುದು ಮಿಸ್ತ್ರಿಯ ಚಾಳಿ. ಕೆಳಗಿನ ತೇವದ ಗಾಳಿಗೆ ಅದು ಸರಿಯಾದ ಮಾತೇ. ಚಳಿಗೆಂದು ಉಗ್ರಾಣದವರು ಕೊಟ್ಟಿದ್ದ ನೀರಿನಂಥ ತೆಳು ಎಣ್ಣೆಯ ಸೀಸೆಯ ಮುಚ್ಚಳವನ್ನೂ ಅವನು ತೆಗೆದಿರಲಿಲ್ಲ. ನಳಿಗೆಗೆ ಗುಂಡು ತಳ್ಳುವ ಬೋಲ್ಟನ್ನು ಪೂರ್ತಿ ಬಿಚ್ಚಿ ಒಳಗಿನ ಸ್ಪ್ರಿಂಗನ್ನೂ ಗುಂಡಿಗೆ ಬಡಿಯುವ ಪಿನ್ನನ್ನೂ ತೊಳೆಯುವುದು ಒಂದು ಗಂಟೆಯ ಕೆಲಸ. ಅದರ ಬದಲು ತನ್ನ ಹೊನ್ನಿನ ಬಣ್ಣದ ದಪ್ಪ ಎಣ್ಣೆಯನ್ನು ಧಾರಾಳವಾಗಿ ಬಿಟ್ಟು, ಮೇಲೆ ಬಟ್ಟೆಯಲ್ಲಿ ಒರೆಸಿ, ಬೀಗ ಹಾಕಿಕೊಂಡು ಮನೆಗೆ ಹೋಗಿದ್ದ.

ಮೊದಲ ದಿನ ಪೈನ್ ಮರಗಳ ನಡುವೆ ಏರಿದರು. ಮಧ್ಯಾಹ್ನದ ಹೊತ್ತಿಗೆ ಮರಗಳು ಕುಳ್ಳಾದವು, ಆಮೇಲೆ ಪೊದೆಗಳಾದವು, ಕೊನೆಗೆ ಅವೂ ಮುಗಿದು ಬರೀ ಬಂಡೆ ಮತ್ತು ಬಿಳುಪು ಉಳಿಯಿತು. ಎಡಕ್ಕೆ ಆಳದಲ್ಲಿ ಹೊಳೆಯೊಂದು ಅರ್ಧ ಮಂಜುಗಡ್ಡೆಯಾಗಿ, ಅರ್ಧ ನೀರಾಗಿ ಹರಿಯುತ್ತಿತ್ತು. ಬಲಕ್ಕೆ ಗೋಡೆಯಂತೆ ನಿಂತ ಬೆಟ್ಟದಿಂದ ಆಗಾಗ ಹಿಮದ ಪುಡಿ ಜಾರಿ ಅವರ ಕಾಲ ಬಳಿ ಬಂದು ನಿಲ್ಲುತ್ತಿತ್ತು. ಹೆಜ್ಜೆ ಇಟ್ಟರೆ ಮೊಣಕಾಲುದ್ದ ಹೂತುಹೋಗುತ್ತಿತ್ತು. ಮಾತಿಗೆ ಉಸಿರು ಸಾಲದೆ ಮೂವರೂ ಸುಮ್ಮನೆ ನಡೆದರು.

ಸಂಜೆ ಡೇರೆ ಹಾಕಿದಾಗ ಮಿಸ್ತ್ರಿ ಬಂದೂಕನ್ನು ಒಳಗೆ ತರಲು ಹೋದ.

"ಹೊರಗೇ ಇರ್ಲಿ," ಎಂದ ಭಾವ. "ಬೆಚ್ಚಗಿರೋ ಕಡೆ ತಂದ್ರೆ ಬೆವರುತ್ತೆ. ಆಮೇಲೆ ಆ ನೀರೇ ಗಡ್ಡೆ ಕಟ್ಟುತ್ತೆ. ಹೇಗೂ ನೀನು ಒಣಗಿಸಿದ್ದೀಯಲ್ಲ."

"ಹೂಂ," ಎಂದ ಮಿಸ್ತ್ರಿ. ಎರಡನೆಯ ಸುಳ್ಳು ಮೊದಲನೆಯದರಷ್ಟು ಸಲೀಸಾಗಿರಲಿಲ್ಲ. ಈಗಲಾದರೂ ಹೇಳಿಬಿಡಲೇ ಎಂದುಕೊಂಡ. ಸ್ಟೌ ಇತ್ತು, ಸೀಮೆಎಣ್ಣೆ ಇತ್ತು, ಸಮಯವೂ ಇತ್ತು. ಭಾವನ ಎದುರು ತಲೆ ತಗ್ಗಿಸುವ ಮನಸ್ಸು ಮಾತ್ರ ಇರಲಿಲ್ಲ.

ಮರುದಿನ ಹತ್ತು ಗಂಟೆಯ ಹೊತ್ತಿಗೆ ಕರಡಿ ಬಂತು.

ಬಂಡೆಯ ತಿರುವಿನಲ್ಲಿ ಭಾವ ಹತ್ತು ಹೆಜ್ಜೆ ಮುಂದಿದ್ದ. ಕಂದು ರಾಶಿಯೊಂದು ಎದ್ದು ನಿಂತಿತು. ಒಮ್ಮೆ ಗುಟುರು ಹಾಕಿ ನೇರ ಅವನ ಮೇಲೆ ನುಗ್ಗಿತು.

"ಹೊಡಿಯೋ!"

ಮಿಸ್ತ್ರಿ ಗುರಿ ಹಿಡಿದು ಬಂದೂಕಿನ ಕುದುರೆಗೆ ಬೆರಳು ಹಾಕಿದ. ಕುದುರೆ ಎಳೆದ.

ಟಪ್.

ಅಷ್ಟೇ. ಗುಂಡು ಹಾರಲಿಲ್ಲ. ಬೋಲ್ಟ್ ಎಳೆದ. ಅದು ಕೆಸರಿನಲ್ಲಿ ಸಿಕ್ಕ ಕಾಲಿನಂತೆ ಬಂತು, ಹಾರದ ತೋಟಾ ಹೊರಬಂದು ಹಿಮಕ್ಕೆ ಬಿತ್ತು. ಮತ್ತೆ ಕುದುರೆ ಎಳೆದ. ಮತ್ತೆ ಟಪ್.

ಅಷ್ಟರಲ್ಲಿ ಕರಡಿ ಭಾವನನ್ನು ಕೆಡವಿತ್ತು.

ಡಾಕ್ಟರಮ್ಮ ಬೆಳಕಿನ ಸಂಕೇತ ಹಾರಿಸುವ ಪಿಸ್ತೂಲನ್ನು ಸೊಂಟದಿಂದ ಕಿತ್ತು ಕರಡಿಯ ಪಕ್ಕದ ಹಿಮಕ್ಕೆ ಹಾರಿಸಿದರು. ಕೆಂಪು ಬೆಂಕಿ ಬುಸುಗುಟ್ಟಿತು. ಕರಡಿ ಬೆದರಿ, ಹಿಂದಕ್ಕೆ ಹಾರಿ, ಇಳಿಜಾರಿನಲ್ಲಿ ಓಡಿಹೋಯಿತು.

ಭಾವನ ಬಲಗೈ ಭುಜದಿಂದ ಮೊಣಕೈವರೆಗೆ ಸೀಳಿತ್ತು. ಡಾಕ್ಟರಮ್ಮ ಚೀಲ ಬಿಚ್ಚಿದರು. ಬಟ್ಟೆ ಕತ್ತರಿಸಿದರು, ರಕ್ತ ನಿಲ್ಲಿಸಿದರು, ಸೂಜಿ ಚುಚ್ಚಿದರು, ಕೈಯನ್ನು ಎದೆಗೆ ಕಟ್ಟಿದರು. ಅವರು ಕೇಳಿದ್ದನ್ನು ಮಿಸ್ತ್ರಿ ಕೊಡುತ್ತಿದ್ದ. 'ಅಕ್ಕನಿಗೆ ಏನು ಹೇಳಲಿ' ಎಂಬ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು.

"ತೋಟಾ ಸರಿ ಇಲ್ಲ ಕಣೋ," ಎಂದ ಭಾವ, ಹಲ್ಲು ಕಚ್ಚಿಕೊಂಡು. "ನಿನ್ನ ತಪ್ಪಲ್ಲ. ಬಿಡು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈ ಸಮಾಧಾನ ಗಾಯದ ಮೇಲೆ ಬರೆ ಎಳೆದಂತಾಯಿತು.

ಮಿಸ್ತ್ರಿ ಆಚೆ ತಿರುಗಿ ಹಿಮದಲ್ಲಿ ಬಿದ್ದಿದ್ದ ತೋಟಾವನ್ನು ಎತ್ತಿಕೊಂಡ. ಅದರ ಹಿಂಬದಿಯಲ್ಲಿ ಪಿನ್ನು ಬಡಿದ ಗುರುತು ಉಗುರಿನಿಂದ ಒತ್ತಿದಷ್ಟೂ ಇರಲಿಲ್ಲ. ಚಳಿಗೆ ದಪ್ಪವಾದ ಎಣ್ಣೆ ಪಿನ್ನನ್ನು ಹಿಡಿದುಕೊಂಡಿತ್ತು. ತೋಟಾದಲ್ಲಿ ಯಾವ ದೋಷವೂ ಇರಲಿಲ್ಲ. ಅದನ್ನು ಕಣಿವೆಗೆ ಎಸೆದರೆ ಕೇಳುವವರಿಲ್ಲ. ಎಸೆಯಲು ಕೈಯನ್ನೂ ಎತ್ತಿದ.

"ಕೆಳಗೆ ಹೋಗೋಕೆ ಒಂದು ದಿನ, ಠಾಣೆಗೆ ನಾಲ್ಕು ಗಂಟೆ," ಎಂದರು ಡಾಕ್ಟರಮ್ಮ. "ಮುಂದಕ್ಕೇ ಹೋಗೋಣ. ನನ್ನ ಹತ್ರ ಇದ್ದ ಸಂಕೇತದ ಗುಂಡು ಒಂದೇ. ಮಿಸ್ತ್ರಿ, ಬೇರೆ ತೋಟಾ ಹಾಕ್ಕೋ. ಹೊರಡೋಣ."

ಹೊಸ ತೋಟಾ ಹಾಕಿಕೊಂಡು ಸುಮ್ಮನೆ ಹೊರಟರೆ ಮುಂದಿನ ಕರಡಿಗೂ ಇದೇ ಟಪ್.

"ತೋಟಾ ಸರಿಯಾಗಿದೆ," ಎಂದ ಮಿಸ್ತ್ರಿ. "ನಾನು ಎಣ್ಣೆ ತೊಳೀಲಿಲ್ಲ ಭಾವ. ಇನ್ನಷ್ಟು ಹಾಕಿದೆ. ನೀನು ಕೇಳಿದಾಗ ಸುಳ್ಳು ಹೇಳ್ದೆ. ನಿನ್ನೆ ಸಂಜೆನೂ ಹೇಳ್ದೆ."

ಡಾಕ್ಟರಮ್ಮ ಅವನನ್ನೇ ನೋಡಿದರು. "ಕೆಲಸ ಉಳಿಸೋಕಾ?"

"ಹೌದು ಡಾಕ್ಟ್ರೇ. ಮತ್ತೆ... ಭಾವ ನನಗೆ ಹೇಳಿಕೊಡೋದಾ ಅಂತ."

ಭಾವ ಕಣ್ಣು ಮುಚ್ಚಿಕೊಂಡ.

"ಎಷ್ಟು ಹೊತ್ತು ಬೇಕು?" ಎಂದರು ಡಾಕ್ಟರಮ್ಮ.

"ಒಂದು ಗಂಟೆ."

ಬಂಡೆಯ ಮರೆಯಲ್ಲಿ ಕುಳಿತು ಬೋಲ್ಟ್ ಬಿಚ್ಚಿದ. ಸ್ಪ್ರಿಂಗು ಸಣ್ಣದು, ಕೈಗವಸು ಹಾಕಿದರೆ ಹಿಡಿತಕ್ಕೆ ಬಾರದು. ಬರಿಗೈಯಲ್ಲಿ ಹಿಡಿದರೆ ಚರ್ಮ ಲೋಹಕ್ಕೆ ಅಂಟಿ ಕಿತ್ತು ಬರುತ್ತಿತ್ತು. ಒಳಗಿನ ಎಣ್ಣೆ ಜೇನುಮೇಣದ ಹಾಗೆ ಗಟ್ಟಿಯಾಗಿತ್ತು. ಸ್ಟೌವಿನ ಸೀಮೆಎಣ್ಣೆಯನ್ನು ಊಟದ ತಟ್ಟೆಗೆ ಸುರಿದು ಸ್ಪ್ರಿಂಗು, ಪಿನ್ನು, ಬೋಲ್ಟು ಮೂರನ್ನೂ ಅದರಲ್ಲಿ ತಿಕ್ಕಿದ. ಒಳ ಅಂಗಿಯ ತೋಳು ಹರಿದು, ದಾರ ಕಟ್ಟಿ, ನಳಿಗೆಯೊಳಗೆ ಮೂರು ಸಲ ಎಳೆದ. ಸಂದುಗಳನ್ನು ಬೆಂಕಿಕಡ್ಡಿಗೆ ಬಟ್ಟೆ ಸುತ್ತಿ ಒರೆಸಿದ. ಒಂದು ಹನಿಯೂ ಉಳಿಯದಂತೆ ಒಣಗಿಸಿದ. ಡಾಕ್ಟರಮ್ಮನ ಪೆನ್ಸಿಲ್ ಕೇಳಿ ಪಡೆದು, ಅದರ ಸೀಸವನ್ನು ಕೆರೆದು, ಲೋಹಕ್ಕೆ ಲೋಹ ಉಜ್ಜುವ ಕಡೆ ಆ ಕಪ್ಪು ಪುಡಿಯನ್ನಷ್ಟೇ ಸವರಿದ. ಬೆರಳುಗಳಿಂದ ರಕ್ತ ಜಿನುಗುತ್ತಿತ್ತು. ಅದು ನೋಯುತ್ತಿದ್ದುದೇ ಅವನಿಗೆ ಒಂದು ಬಗೆಯ ನೆಮ್ಮದಿ.

ಜೋಡಿಸಿ, ತೋಟಾ ಇಲ್ಲದೆ ಕುದುರೆ ಎಳೆದ. ಟಣ್! ಈಗ ಸದ್ದು ಗಡುಸಾಗಿತ್ತು.

"ಹೊಡೆದು ತೋರ್ಸು," ಎಂದ ಭಾವ, ಕಣ್ಣು ತೆರೆಯದೆ.

ಹಾರದೆ ಬಿದ್ದಿದ್ದ ಅದೇ ತೋಟಾವನ್ನು ತುಂಬಿ ಎದುರಿನ ಹಿಮದ ದಿಬ್ಬಕ್ಕೆ ಹೊಡೆದ. ಢಮ್ ಎಂದಿತು. ಭಾವ ಎಡಗೈ ಊರಿ ಎದ್ದ, ಮೂವರೂ ಹೊರಟರು.

ಠಾಣೆಯ ಚಿಮಣಿಯಲ್ಲಿ ಸಣ್ಣಗೆ ಹೊಗೆಯಾಡುತ್ತಿತ್ತು. ಇಬ್ಬರೂ ಬದುಕಿದ್ದರು. ಬಿರುಗಾಳಿಗೆ ರೇಡಿಯೊ ಕಂಬ ಉರುಳಿ, ಎತ್ತಲು ಹೋದ ಹಿರಿಯ ವೀಕ್ಷಕನ ಕಾಲು ಮುರಿದಿತ್ತು. ಕಿರಿಯವನು ಅವನನ್ನು ಬಿಟ್ಟು ಇಳಿಯಲಾರದೆ ಉಳಿದಿದ್ದ. ಬಾಗಿಲು ತೆರೆದವನು ಮೂವರನ್ನೂ ನೋಡಿ, "ಐದನೇ ದಿನಕ್ಕೆ ಬರ್ತೀರಾ ಅಂದ್ಕೊಂಡಿದ್ದೆ, ಆರಾಯ್ತು," ಎಂದು ನಗಲು ಹೋಗಿ ಅತ್ತುಬಿಟ್ಟ.

ಮರುದಿನ ಕಾಲು ಮುರಿದವನನ್ನು ಜಾರುಬಂಡಿಗೆ ಕಟ್ಟಿ ಇಳಿದರು. ಬಂಡೆಯ ತಿರುವಿನಲ್ಲಿ ಅದೇ ಕರಡಿ ಕಾದಿತ್ತು. ಮಿಸ್ತ್ರಿ ಎಲ್ಲರಿಗಿಂತ ಮುಂದೆ ಹೋಗಿ ನಿಂತ. ಅದರ ಕಾಲಿನ ಮುಂದಿನ ಹಿಮಕ್ಕೆ ಹೊಡೆದ. ಗುಂಡು ಹಾರಿತು. ಬೋಲ್ಟ್ ಸರಕ್ಕನೆ ಬಂತು. ಇನ್ನೊಂದು ಹೊಡೆದ. ಕರಡಿ ಒಂದು ಗಳಿಗೆ ನಿಂತು ನೋಡಿ, ಬೆನ್ನು ತಿರುಗಿಸಿ ಹೋಯಿತು.

ಐವರೂ ಜೀವಂತ ಇಳಿದರು. ಕಚೇರಿಯ ದೊಡ್ಡವರು ವರದಿ ಬರೆಯಲು ಕೂತು, "ತೋಟಾ ಕೆಟ್ಟಿತ್ತು ಅಂತ ಹಾಕ್ಲಾ? ಎಲ್ಲರೂ ಹಾಗೇ ಹಾಕ್ತಾರೆ," ಎಂದರು. ಮಿಸ್ತ್ರಿ ಪೆನ್ನು ಇಸಿದುಕೊಂಡು ತಾನೇ ಬರೆದ: ಆಯುಧ ನೋಡಿಕೊಳ್ಳುವವನ ತಪ್ಪು. ಕೆಳಗೆ ಸಹಿ ಹಾಕಿದ.

ಅಕ್ಕನಿಗೂ ತಾನೇ ಹೇಳಿದ. ಆಕೆ ಗಂಡನ ಅಂಗಿಯ ಗುಂಡಿ ಹಾಕುತ್ತಿದ್ದಳು. ಆ ಕೈ ಇನ್ನು ಭುಜಕ್ಕಿಂತ ಮೇಲೆ ಏಳುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದರು. ಅಕ್ಕ ತಮ್ಮನ ಮುಖ ನೋಡಲಿಲ್ಲ. ಗುಂಡಿಗಳನ್ನೆಲ್ಲ ಹಾಕಿ ಮುಗಿಸಿ ಒಳಗೆ ಹೋದಳು. ಮಿಸ್ತ್ರಿಯೂ ಎದ್ದ.

"ಕೂತ್ಕೊ," ಎಂದ ಭಾವ. ಬೆಟ್ಟದ ಮೇಲೆ 'ಹೊಡೆದು ತೋರ್ಸು' ಅಂದ ಮೇಲೆ ಅವನು ಮಿಸ್ತ್ರಿಯ ಜೊತೆ ಆಡಿದ ಮೊದಲ ಮಾತು ಅದು. "ಮುಂದಿನ ತಿಂಗಳು ಠಾಣೆಗೆ ಹೊಸಬರನ್ನ ಕರ್ಕೊಂಡು ಹೋಗ್ತಾರೆ. ಬಂದೂಕು ನೀನೇ ರೆಡಿ ಮಾಡ್ಬೇಕು."

"ನಾನು ಬೇಡ ಭಾವ. ಬೇರೆಯವರಿಗೆ ಕೊಡ್ಲಿ."

"ಬೇರೆಯವರು ಇನ್ನೂ ಈ ತಪ್ಪು ಮಾಡಿಲ್ಲ," ಎಂದ ಭಾವ. "ನೀನು ಮಾಡಿದ್ದೀಯ."

ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ. ಮಿಸ್ತ್ರಿ ಕೇಳಲೂ ಇಲ್ಲ.